ಎರಡು ಒಳ್ಳೆಯ ಮದ್ದು, ಒಂದು ಕೇಡು

ಜೇನೂ ಹಿತ, ತುಪ್ಪವೂ ಹಿತ; ಆದರೆ ಎರಡನ್ನೂ ಸಮಭಾಗವಾಗಿ ಬೆರೆಸಿ ಸೇವಿಸಲಾಗದೆಂದು ಚರಕಸಂಹಿತೆಯು ವಿರುದ್ಧಾಹಾರದ ವಿಚಾರದಲ್ಲಿ ಹೇಳಿರುತ್ತದೆ. ಈ ಮಾತು ಇಂದಿನ ಗುಳಿಗೆಗಳಿಗೂ ಸಲ್ಲತಕ್ಕುದೆಂಬುದನ್ನು ನಾವು ಕಳೆದ ಮಳೆಗಾಲದಲ್ಲಿ ಕಣ್ಣಾರೆ ಕಂಡೆವು.

ಹಲಸೂರಿನಲ್ಲಿ ನಮ್ಮ ನೆರೆಮನೆಯ ವೃದ್ಧರೊಬ್ಬರು ಎದೆಬಡಿತದ ತಾಳ ತಪ್ಪಿದ್ದರಿಂದ ಅಮಿಯೊಡರೋನ್ ಎಂಬ ಗುಳಿಗೆಯನ್ನು ಸೇವಿಸುತ್ತಿದ್ದರು. ಅವರಿಗೆ ಕೆಮ್ಮುಜ್ವರಗಳು ಬರಲು, ಮಗನು ಶಿವಾಜಿನಗರದ ಅಂಗಡಿಯೊಂದರಿಂದ, ವೈದ್ಯರ ಚೀಟಿಯಿಲ್ಲದೆಯೇ, ಅಜಿಥ್ರೊಮೈಸಿನ್ ತಂದುಕೊಟ್ಟನು. ಎರಡನೆಯ ದಿನ ವೃದ್ಧರು ದೇವರಮನೆಯ ಹೊಸ್ತಿಲಲ್ಲಿ ಮೂರ್ಛೆಹೋದರು. ಆಸ್ಪತ್ರೆಯಲ್ಲಿ ವೈದ್ಯರು, “ಯಾವ ಯಾವ ಔಷಧ ಕೊಡುತ್ತಿದ್ದೀರಿ?” ಎಂದು ಕೇಳಿದರೆ ಮನೆಯವರಲ್ಲಿ ಒಬ್ಬರಿಗೂ ಪೂರ್ತಿಯಾಗಿ ಹೇಳಲಾಗಲಿಲ್ಲ. ಪುಣ್ಯವಶಾತ್ ಅವರು ಬದುಕಿ ಮನೆಗೆ ಬಂದರು.

ಕಾರಣವಿಷ್ಟೆ. ಪ್ರತಿಯೊಂದು ಬಡಿತದ ತರುವಾಯ ಹೃದಯವು ಮುಂದಿನ ಬಡಿತಕ್ಕೆ ಸಿದ್ಧವಾಗಲು ಕ್ಷಣಮಾತ್ರ ಅವಕಾಶ ಬೇಕು. ಅಮಿಯೊಡರೋನ್, ಸೊಟಲಾಲ್ ಮೊದಲಾದುವು ಈ ಅವಕಾಶವನ್ನು ದೀರ್ಘಗೊಳಿಸಿ ತಾಳವನ್ನು ಕಾಪಾಡುತ್ತವೆ. ಅಜಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ಸೋಂಕಿನ ಮದ್ದುಗಳೂ ಅದನ್ನೇ ದೀರ್ಘಗೊಳಿಸುವುವು. ಎರಡೂ ಕೂಡಿ ಮಿತಿ ಮೀರಿದರೆ ಬಡಿತವು ದಿಕ್ಕೆಟ್ಟು ಮೂರ್ಛೆಯೂ, ವಿರಳವಾಗಿ ಮರಣವೂ ಉಂಟಾಗಬಹುದು. ಭೇದಿಯಾಗಿ ದೇಹದ ಪೊಟ್ಯಾಸಿಯಂ ಇಳಿದಿದ್ದರೆ ಅಪಾಯವು ಇನ್ನೂ ಹೆಚ್ಚು. ಅಜಿಥ್ರೊಮೈಸಿನ್ನಿನ ಈ ದೋಷದ ಬಗೆಗೆ ಅಮೆರಿಕದ ಔಷಧ ಇಲಾಖೆಯು 2013ರಲ್ಲಿಯೇ ಎಚ್ಚರಿಸಿತು.

ಡಿಗಾಕ್ಸಿನ್ ಸೇವಿಸುವವರಿಗೆ ಅಪಾಯದ ದಾರಿ ಬೇರೆ. ಕ್ಲಾರಿಥ್ರೊಮೈಸಿನ್ ಅದನ್ನು ದೇಹದಿಂದ ಹೊರಹೋಗಗೊಡದೆ ರಕ್ತದಲ್ಲಿ ಹೆಚ್ಚಿಸುತ್ತದೆ. ಆಗ ಓಕರಿಕೆ, ಅರುಚಿ, ದೃಷ್ಟಿಯಲ್ಲಿ ಹಳದಿಯ ಛಾಯೆ ಕಾಣಿಸಿಕೊಳ್ಳಬಹುದು.

ಹಾಗೆಂದು ಹೃದಯದ ಗುಳಿಗೆಯನ್ನು ತಾವಾಗಿ ನಿಲ್ಲಿಸುವುದು ಅವಿವೇಕ. ಅಮಿಯೊಡರೋನ್ ಅಂತೂ ನಿಲ್ಲಿಸಿದ ಮೇಲೆಯೂ ವಾರಗಟ್ಟಲೆ, ತಿಂಗಳುಗಟ್ಟಲೆ ದೇಹದಲ್ಲಿ ಉಳಿದಿರುವುದು. ಸೋಂಕಿಗೆ ಈ ದೋಷವಿಲ್ಲದ ಬೇರೆ ಮದ್ದುಗಳೂ ಉಂಟು. ಅವನ್ನು ಆರಿಸುವುದು, ಬೇಕಾದರೆ ಇ.ಸಿ.ಜಿ. ತೆಗೆಸಿ ನೋಡುವುದು ವೈದ್ಯರ ಕೆಲಸ. ಗೃಹಸ್ಥರ ಕೆಲಸವು ಇನ್ನೊಂದು: ಮನೆಯ ಹಿರಿಯರು ಸೇವಿಸುವ ಎಲ್ಲ ಔಷಧಗಳ ಹೆಸರನ್ನೂ ಪ್ರಮಾಣವನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟು, ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಅದನ್ನು ತೋರಿಸತಕ್ಕುದು, ಚೀಟಿಯಿಲ್ಲದೆ ಅಂಗಡಿಯಿಂದ ಸೋಂಕಿನ ಮದ್ದು ತರಲಾಗದು. ಮದ್ದು ನಡೆಯುತ್ತಿರುವಾಗ ತಲೆಸುತ್ತು, ಮೂರ್ಛೆ, ಎದೆ ಡವಗುಟ್ಟುವಿಕೆ ತೋರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನೆರೆಮನೆಯಲ್ಲಿ ಈಗ ಅಂತಹ ಹಾಳೆಯೊಂದು ಪಂಚಾಂಗದ ಪಕ್ಕದಲ್ಲಿ ತೂಗುತ್ತಿದೆ. ಅದನ್ನು ಬರೆದವನು ಆ ಮಗನೇ. ನಮ್ಮ ಮನೆಯಲ್ಲಿಯೂ ಅಂದೇ ಒಂದನ್ನು ಬರೆದೆವು.