ಹಲಸಿನ ತೊಗಟೆಯ ಗಾಯವೂ ತೆಂಗಿನ ಕಾಂಡದ ಗಾಯವೂ

ಹಲಸಿನ ಮರದ ತೊಗಟೆಯನ್ನು ದನಕರುಗಳು ಸುತ್ತಲೂ ಕೆರೆದು ತಿಂದುಬಿಟ್ಟರೆ ಮರವು ಆ ಕೂಡಲೇ ಬಾಡುವುದಿಲ್ಲ. ಎಲೆಗಳು ಅನೇಕ ವಾರಗಳವರೆಗೆ, ಕೆಲವು ವೇಳೆ ತಿಂಗಳುಗಳವರೆಗೆ, ಹಸುರಾಗಿಯೇ ಇರುವುವು. ಯಜಮಾನನು ಅಪಾಯವು ತಪ್ಪಿತೆಂದು ಸುಮ್ಮನಿರುವನು. ತರುವಾಯ ಬೇಸಗೆಯಲ್ಲಿ ಮರವು ಒಣಗಿದಾಗ ನೀರು ಸಾಲದಾಯಿತೆಂದೋ ದೃಷ್ಟಿ ತಾಗಿತೆಂದೋ ಹೇಳುವುದುಂಟು. ನಿಜವಾದ ಕಾರಣವು ಕಾಂಡದ ಒಳರಚನೆಯಲ್ಲಿದೆ.

ಹಲಸು, ಮಾವು, ಹುಣಿಸೆ, ಕಿತ್ತಳೆ ಮೊದಲಾದವುಗಳ ಕಾಂಡದಲ್ಲಿ ಎರಡು ಬಗೆಯ ನಾಳಗಳಿವೆ. ಬೇರು ಹೀರಿದ ನೀರೂ ಅದರಲ್ಲಿ ಕರಗಿದ ಲವಣಗಳೂ ತೊಗಟೆಯ ಒಳಗಿರುವ ಬಿಳಿಯ ಮರದ ಭಾಗದಲ್ಲಿ ಮೇಲಕ್ಕೇರುವುವು. ಈ ನಾಳಗಳಿಗೆ ಕ್ಸೈಲಂ ಎಂದು ಹೆಸರು. ಇವು ಜೀವವಿಲ್ಲದ ಬರಿಯ ಕೊಳವೆಗಳು. ನೀರನ್ನು ಮುಖ್ಯವಾಗಿ ಎಳೆಯತಕ್ಕವು ಎಲೆಗಳೇ. ಎಲೆಗಳ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಕೆಳಗಿನ ನೀರು ಎಳೆ ಕಡಿಯದ ದಾರದಂತೆ ಹಿಂಬಾಲಿಸುವುದು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 90 ಪಾಲಿಗಿಂತಲೂ ಹೆಚ್ಚು ಗಾಳಿಗೇ ಸೇರುತ್ತದೆ. ಸಸಿಯನ್ನು ಕಿತ್ತು ನೆಡುವಾಗ ಕೆಲವು ಎಲೆಗಳನ್ನು ಕತ್ತರಿಸುವ ಹಳೆಯ ಪದ್ಧತಿಯು ಅರ್ಥವಿಲ್ಲದ್ದಲ್ಲ.

ಎಲೆಗಳಲ್ಲಿ ತಯಾರಾದ ಸಕ್ಕರೆಯ ಆಹಾರವಾದರೋ ಒಳತೊಗಟೆಯಲ್ಲಿರುವ ಫ್ಲೋಯಂ ಎಂಬ ಜೀವವುಳ್ಳ ನಾಳಗಳ ಮೂಲಕ ಬೇರಿಗೆ ಇಳಿಯುವುದು. ತೊಗಟೆಯು ಉಂಗುರದಂತೆ ಹೋದರೆ ನೀರಿನ ದಾರಿ ಉಳಿದು ಆಹಾರದ ದಾರಿ ಮಾತ್ರ ಕಡಿದುಹೋಗುವುದು. ಬೇರು ತಾನು ಕೂಡಿಟ್ಟದ್ದನ್ನು ಮುಗಿಸಿ ಉಪವಾಸದಿಂದ ಸಾಯುವುದು. ಬೇರು ಸತ್ತ ಮೇಲೆ ಎಲೆಗೆ ನೀರೆಲ್ಲಿಯದು? ಇಟಲಿ ದೇಶದ ಮಾಲ್ಪೀಘಿ ಎಂಬ ವಿದ್ವಾಂಸನು 17ನೆಯ ಶತಮಾನದಲ್ಲಿಯೇ ತೊಗಟೆಯನ್ನು ಉಂಗುರವಾಗಿ ತೆಗೆದು, ಗಾಯದ ಮೇಲಂಚು ಊದಿಕೊಳ್ಳುವುದನ್ನು ಕಂಡಿದ್ದನು. ದಾಳಿಂಬೆಗೆ ಗೂಟಿ ಕಟ್ಟುವವರಿಗೂ ಇದು ಗೊತ್ತು. ಹೊಸ ಬೇರು ಬರುವುದು ಗಾಯದ ಮೇಲಂಚಿನಿಂದಲೇ.

ತೊಗಟೆಗೂ ಮರಕ್ಕೂ ನಡುವೆ ಕೇಂಬಿಯಂ ಎಂಬ ತೆಳುವಾದ ಬೆಳೆಯುವ ಪದರವಿದೆ. ಸುತ್ತಳತೆಯಲ್ಲಿ ಒಂದು ಪಟ್ಟಿಯಷ್ಟು ತೊಗಟೆ ಉಳಿದಿದ್ದರೂ ಈ ಪದರವು ಅಂಚುಗಳಿಂದ ಗಾಯವನ್ನು ಮುಚ್ಚುತ್ತ ಬರಬಲ್ಲುದು. ಬೇಲಿಯ ತಂತಿಯನ್ನು ಮರಕ್ಕೆ ಸುತ್ತಿ ಬಿಗಿದರೆ, ಕಾಂಡವು ದಪ್ಪವಾದಂತೆ ತಂತಿಯೇ ತೊಗಟೆಯನ್ನು ಕಡಿಯುವುದೆಂಬುದನ್ನು ಮರೆಯಬಾರದು.

ತೆಂಗಿನ ವಿಷಯವು ಬೇರೆ. ಕಡಿದ ತೆಂಗಿನ ಕಾಂಡವನ್ನು ನೋಡಿದರೆ ನಾರಿನ ಚುಕ್ಕೆಗಳು ಎಲ್ಲೆಡೆಯೂ ಚೆದರಿರುವುದು ಕಾಣುವುದು. ಒಂದೊಂದು ಕಟ್ಟಿನಲ್ಲಿಯೂ ನೀರಿನ ನಾಳ, ಆಹಾರದ ನಾಳ ಎರಡೂ ಇವೆ. ಆದಕಾರಣ ಹೊರಮೈ ಸುತ್ತಲೂ ಕೆರೆದರೂ ತೆಂಗು ಉಪವಾಸ ಬೀಳದು. ಇದನ್ನು ಕಂಡು ತೆಂಗು ಎಂತಹ ಗಾಯವನ್ನಾದರೂ ತಾಳುವುದೆಂದು ಭಾವಿಸಿ, ಹತ್ತುವ ಅನುಕೂಲಕ್ಕಾಗಿ ಕಾಂಡದಲ್ಲಿ ಮೆಟ್ಟಿಲು ಕಡಿಯುವುದುಂಟು. ಇದು ದೊಡ್ಡ ತಪ್ಪು. ತೆಂಗಿನಲ್ಲಿ ಕೇಂಬಿಯಂ ಇಲ್ಲ. ಕಡಿದ ಕಚ್ಚು ಮರವಿರುವವರೆಗೂ ಮುಚ್ಚುವುದಿಲ್ಲ. ಅಲ್ಲಿ ಮಳೆನೀರು ನಿಂತು ಕೊಳೆಯುವುದು. ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುವುದು. ಮರಿಗಳು ಒಳಗೇ ಕೊರೆಯುವುವು. ರಂಧ್ರದಿಂದ ಕಂದು ರಸವೂ ಅಗಿದ ನಾರೂ ಹೊರಬರುವ ವೇಳೆಗೆ ಒಳಗೆ ಬಹಳ ಹಾನಿಯಾಗಿರುವುದು. ಕಡಿದ ಹುಣಿಸೆ ಚಿಗುರೀತು. ಒಂದೇ ಸುಳಿಯುಳ್ಳ ತೆಂಗು ಸುಳಿ ಕೆಟ್ಟರೆ ಚಿಗುರದು.

ಮೆಟ್ಟಿಲು ಕಡಿಯುವುದನ್ನು ತೋಟದ ಯಜಮಾನರು ನಿಲ್ಲಿಸತಕ್ಕದ್ದು. ಕಾಲಿಗೆ ಹಗ್ಗದ ಕುಣಿಕೆಯಿಂದಲೋ ಮರ ಹತ್ತುವ ಯಂತ್ರದಿಂದಲೋ ಕೆಲಸ ಸಾಗುವುದು. ಈಗಾಗಲೇ ಇರುವ ಗಾಯಗಳಲ್ಲಿ ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಡಾಂಬರು ಬಳಿಯಬೇಕು. ಹಸಿರು ಗರಿಯನ್ನು ಕಡಿಯಲೇಬೇಕಾದರೆ ಬುಡದಿಂದ 120 ಸೆಂಟಿಮೀಟರು, ಅಂದರೆ ಸುಮಾರು 4 ಅಡಿ, ದಿಂಡನ್ನು ಮರದಲ್ಲಿಯೇ ಬಿಟ್ಟು ಕಡಿಯತಕ್ಕದ್ದು.