ಹಗಲು ಕೋಳಿಯ ಕಾವಲು, ರಾತ್ರಿ ನಮ್ಮದು

ಹಿತ್ತಲಲ್ಲಿ ಕೆದಕಿ ಮೇಯುತ್ತಿರುವ ಹೇಂಟೆ ಒಮ್ಮೆಲೇ ತಲೆ ವಾಲಿಸಿ, ಒಂದು ಕಣ್ಣನ್ನು ಆಕಾಶಕ್ಕೆ ನೆಟ್ಟು ನಿಂತಿತೆಂದರೆ ನಾವೂ ತಲೆಯೆತ್ತಿ ನೋಡಬೇಕು. ಹೆಚ್ಚಿನ ಸಲ ಮೇಲೆಲ್ಲೋ ಹದ್ದು ಸುತ್ತುತ್ತಿರುತ್ತದೆ. ಕೋಳಿಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ. ಹಾಗಾಗಿ ಒಂದು ಕಣ್ಣು ಬಾನನ್ನು ಕಾಯುವಾಗ ಇನ್ನೊಂದು ನೆಲದ ಮೇಲಿರುತ್ತದೆ.

ಕಂಡದ್ದನ್ನು ಕೋಳಿ ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ. ಹದ್ದು ಕಂಡರೆ ಹುಂಜ ಸಣ್ಣ ದನಿಯಲ್ಲಿ ಎಳೆದು ಕೂಗುತ್ತದೆ. ನಾಯಿಯೋ ಮುಂಗುಸಿಯೋ ಕಂಡರೆ ‘ಕೊಕ್ ಕೊಕ್ ಕೊಕ್’ ಎಂದು ಬಿಡಿಬಿಡಿಯಾಗಿ ಬೊಬ್ಬೆ ಹಾಕುತ್ತದೆ. ಕ್ರಿಸ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೇಂಟೆಗಳಿಗೆ ಈ ಕೂಗುಗಳ ಧ್ವನಿಮುದ್ರಣವನ್ನಷ್ಟೇ ಕೇಳಿಸಿದ್ದರು. ಎದುರಿಗೆ ಯಾವ ವೈರಿಯೂ ಇರಲಿಲ್ಲ. ಆದರೂ ಹದ್ದಿನ ಕೂಗಿಗೆ ಅವು ಮರೆಗೆ ಓಡಿದವು, ಕುಗ್ಗಿ ಕೂತವು, ಮೇಲೆ ನೋಡಿದವು. ನೆಲದ ವೈರಿಯ ಕೂಗಿಗೆ ಕತ್ತು ನಿಮಿರಿಸಿ ಸುತ್ತ ನೋಡಿದವು.

ಆದರೆ ಓಡಿಹೋಗಿ ಅಡಗಲು ಜಾಗವೇ ಇಲ್ಲದಿದ್ದರೆ ಎಚ್ಚರಿಕೆ ಕೇಳಿ ಫಲವೇನು? ಬೋಳು ಅಂಗಳದಲ್ಲಿ ಹುಂಜ ಎಷ್ಟು ಕೂಗಿದರೂ ಮರಿಗಳು ಹದ್ದಿನ ಪಾಲೇ. ದಾಸವಾಳ, ಕರಿಬೇವಿನ ಪೊದೆಗಳಿರಲಿ. ಇಲ್ಲದ ಕಡೆ ನಾಲ್ಕು ಗೂಟ ನೆಟ್ಟು ಸೋಗೆ ಹೊದಿಸಿದ ತಗ್ಗು ಚಪ್ಪರವಾದರೂ ಇರಲಿ. ಹಾರಲು ಬಾರದ ಎಳೆಮರಿಗಳಿಗೆ ಮಂಕರಿಯೇ ಕ್ಷೇಮ. ಮುಂಗುಸಿ ಹಗಲಲ್ಲೇ ಬೇಟೆಗೆ ಬರುವ ಪ್ರಾಣಿ ಎಂಬುದು ನೆನಪಿರಲಿ.

ಕತ್ತಲಾದರೆ ಪರಿಸ್ಥಿತಿಯೇ ಬೇರೆ. ಮನುಷ್ಯನ ಅಕ್ಷಿಪಟಲದಲ್ಲಿ ಮಬ್ಬು ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಸುಮಾರು 12 ಕೋಟಿ. ಬಣ್ಣ ಗುರುತಿಸುವ ಶಂಕುಕೋಶಗಳು 60 ಲಕ್ಷದಷ್ಟು. ಕೋಳಿಯಲ್ಲಿ ಇದು ತಿರುಗುಮುರುಗು: ಶಂಕುಕೋಶಗಳೇ ಹೆಚ್ಚು. ಅತಿನೇರಳೆಯ ಅಂಚನ್ನೂ ಕಾಣಬಲ್ಲ ಆ ಕಣ್ಣು ರಾತ್ರಿ ಕೈಕೊಡುತ್ತದೆ. ಅದರ ಪೂರ್ವಜನಾದ ಕೆಂಪು ಕಾಡುಕೋಳಿ ಸಂಜೆಯಾಗುತ್ತಲೇ ಮರವೇರಿ ಕೂರುವುದು ಇದಕ್ಕೇ. ನಮ್ಮ ಕೋಳಿಗಳೂ ಮುಸ್ಸಂಜೆಗೆ ತಾವಾಗಿಯೇ ಗೂಡು ಸೇರುತ್ತವೆ. ಅಲ್ಲಿಂದ ಮುಂದಿನ ಕಾವಲು ನಮ್ಮದು, ಏಕೆಂದರೆ ಪುನುಗು ಬೆಕ್ಕು, ಕಾಡುಬೆಕ್ಕುಗಳು ಹೊರಡುವ ಹೊತ್ತು ಅದೇ.

ಗೂಡು ನೆಲದಿಂದ ಎರಡು ಮೂರು ಅಡಿ ಮೇಲಿರಲಿ, ಒಳಗೆ ಕೂರಲು ಅಡ್ಡಗಳುವಿರಲಿ. ಸಾಮಾನ್ಯ ಕೋಳಿ ಜಾಲರಿ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ಹಾವನ್ನು ಹೊರಗೆ ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಗೂಡು ನೆಲದ ಮೇಲೇ ಇದ್ದರೆ ಮೆಶ್ಶನ್ನು ಹೊರಮಗ್ಗುಲಿಗೆ ಒಂದಡಿ ಹಾಸಿ ಮಣ್ಣು ಮುಚ್ಚಿ. ಗೋಡೆಯ ಬುಡದಲ್ಲಿ ತೋಡುವ ಪ್ರಾಣಿಗೆ ಅದು ಅಡ್ಡವಾಗುತ್ತದೆ. ಉಳಿದ ಕಾಳನ್ನು ಸಂಜೆಯೇ ಗುಡಿಸಿ ತೆಗೆಯಿರಿ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಉರುಳು, ವಿಷದ ಯೋಚನೆ ಮಾತ್ರ ಬೇಡ. ಮುಂಗುಸಿ, ಪುನುಗು ಬೆಕ್ಕುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ಹಿತ್ತಲ ಇಲಿಗಳನ್ನು ಹತೋಟಿಯಲ್ಲಿಡುವುದೂ ಅವೇ. ಒಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡಿನ ಸಂದು ಮುಚ್ಚಿದರೆ ಯಾವುದು ಬಂದರೂ ಕೋಳಿ ಉಳಿಯುತ್ತದೆ.