ಕಾಮಾಲೆಗೆ ನೆಲನೆಲ್ಲಿ ಸಾಕೇ?



ಮನೇಲಿ ಯಾರದ್ದಾದರೂ ಕಣ್ಣು ಹಳದಿಯಾಯಿತು, ಊಟ ಸೇರಲ್ಲ, ವಾಂತಿ ಬರುತ್ತೆ ಅಂದ ಕೂಡಲೇ ನಮಗೆ ನೆನಪಾಗುವುದು ನೆಲನೆಲ್ಲಿ. ಮಳೆಗಾಲದಲ್ಲಿ ಹಿತ್ತಲಲ್ಲಿ ತಾನಾಗಿ ಹುಟ್ಟುವ ಈ ಪುಟ್ಟ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲು ಅಥವಾ ಮಜ್ಜಿಗೆಯಲ್ಲಿ ಬೆರೆಸಿ ಬರಿಹೊಟ್ಟೆಗೆ ಕುಡಿಸುವುದು ಹಿರಿಯರಿಂದ ಬಂದ ಪದ್ಧತಿ. ಇದರಲ್ಲಿ ಎಷ್ಟು ಗುಣವಿದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ನಾವು ತಿಳಿದುಕೊಳ್ಳೋಣ.

ಕಾಮಾಲೆ ಯಾಕೆ ಬರುತ್ತದೆ?

ಪಿತ್ತಜನಕಾಂಗ, ಅಂದರೆ ಲಿವರ್ ಕೆಟ್ಟಾಗ ಕಾಣುವ ಲಕ್ಷಣವೇ ಕಾಮಾಲೆ. ಹೆಪಟೈಟಿಸ್ 'ಎ' ಮತ್ತು 'ಇ' ವೈರಸ್‌ಗಳು ಮಲದಿಂದ ಕೆಟ್ಟ ನೀರು, ಆಹಾರದ ಮೂಲಕ ಹರಡುತ್ತವೆ. 'ಬಿ' ವೈರಸ್ ರಕ್ತ, ಲೈಂಗಿಕ ಸಂಪರ್ಕ, ಬಳಸಿದ ಸೂಜಿಯಿಂದ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಬರುತ್ತದೆ. ಇಲಿಜ್ವರದಲ್ಲೂ ಕಣ್ಣು ಹಳದಿಯಾಗಬಹುದು. ಅದಕ್ಕೆ ಬೇರೆಯೇ ಔಷಧ ಬೇಕು, ತಡವಾದರೆ ಪ್ರಾಣಕ್ಕೇ ಅಪಾಯ.

ನೆಲನೆಲ್ಲಿಯಿಂದ ಗುಣವಾಯಿತಲ್ಲ?

'ಎ' ಕಾಮಾಲೆ ಹೆಚ್ಚಿನವರಲ್ಲಿ ವಿಶ್ರಾಂತಿಯಿಂದ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ಸಮಯದಲ್ಲಿ ಯಾವ ಸೊಪ್ಪು ಕೊಟ್ಟರೂ ಅದರಿಂದಲೇ ಗುಣವಾಯಿತು ಅಂತ ನಮಗೆ ಅನಿಸುತ್ತೆ. 1988ರಲ್ಲಿ ಚೆನ್ನೈನ ಸಂಶೋಧಕರು 'ಬಿ' ವೈರಸ್ ಇದ್ದವರಿಗೆ ನೆಲನೆಲ್ಲಿಯಿಂದ ಒಳ್ಳೆಯ ಫಲ ಸಿಕ್ಕಿತು ಎಂದು ವರದಿ ಮಾಡಿದರು. ಆದರೆ ನಂತರ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅಂಥ ಫಲ ಕಾಣಲಿಲ್ಲ. ಗಿಡಮೂಲಿಕೆ ಎಂದರೆ ಅಪಾಯವೇ ಇಲ್ಲ ಎನ್ನುವಂತೆಯೂ ಇಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ತೊಂದರೆಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಆದ್ದರಿಂದ ಮೊದಲು ರಕ್ತಪರೀಕ್ಷೆ, ಆಮೇಲೆ ಔಷಧ. ಮನೆಮದ್ದು ಕೊಟ್ಟಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಇವು ಬೇಡವೇ ಬೇಡ

* ಕೈಗೆ ಬರೆ ಹಾಕಿಸುವುದು, ಕಣ್ಣು ಮೂಗಿಗೆ ಸೊಪ್ಪಿನ ರಸ ಬಿಡಿಸುವುದು.
* ಪಥ್ಯ ಅಂತ ರೋಗಿಯನ್ನು ಉಪವಾಸ ಕೆಡವುವುದು. ಗಂಜಿ, ಅನ್ನ, ಹಣ್ಣು, ಮಜ್ಜಿಗೆ ಸೇರಿದಷ್ಟು ಕೊಡಿ.
* ಮದ್ಯಪಾನ, ಡಾಕ್ಟರನ್ನು ಕೇಳದೆ ಮಾತ್ರೆ ನುಂಗುವುದು.

ತಡಮಾಡದೆ ಆಸ್ಪತ್ರೆಗೆ

ರೋಗಿಗೆ ಮಂಪರು, ಮಾತಿನಲ್ಲಿ ಗೊಂದಲ, ನಿಲ್ಲದ ವಾಂತಿ, ರಕ್ತಸ್ರಾವ, ಹೊಟ್ಟೆ ಊತ ಕಂಡರೆ ಒಂದು ದಿನವೂ ಕಾಯಬೇಡಿ. ಬಸುರಿಗೆ ಕಾಮಾಲೆ ಬಂದರೆ ಮನೆಮದ್ದಿನ ಮಾತೇ ಬೇಡ. ಕೊನೆಯ ಮೂರು ತಿಂಗಳಲ್ಲಿ 'ಇ' ವೈರಸ್ ತಗಲಿದರೆ 100ರಲ್ಲಿ 20-25 ತಾಯಂದಿರು ಸಾಯುವ ಸಂಭವವಿದೆ. ಖರ್ಚಿಗೆ ಹಣವಿಲ್ಲವೆಂದು ತಡಮಾಡುವ ಬದಲು ಸಂಘದ ಆಂತರಿಕ ಸಾಲ ಕೇಳಿ. ನಮ್ಮ ಉಳಿತಾಯ ಇರುವುದೇ ಇಂಥ ಹೊತ್ತಿಗೆ.

ಬಾರದಂತೆ ತಡೆಯೋಣ

ನೀರು ಚೆನ್ನಾಗಿ ಕುದಿಸಿ ಕುಡಿಯೋಣ. ಶೌಚದ ನಂತರ, ಅಡುಗೆಗೆ ಮುಂಚೆ ಸೋಪು ಹಚ್ಚಿ ಕೈ ತೊಳೆಯೋಣ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ 'ಬಿ' ಚುಚ್ಚುಮದ್ದು, ಆಮೇಲೆ 6, 10, 14ನೇ ವಾರದ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ತಪ್ಪಿಸಬೇಡಿ.

ಒಂದೇ ಕೇರಿಯಲ್ಲಿ ಎರಡು ಮೂರು ಮನೆಗೆ ಕಾಮಾಲೆ ಬಂದರೆ ನೀರು ಕೆಟ್ಟಿರಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿ, ಪಂಚಾಯತಿಗೆ ಸಂಘದಿಂದಲೇ ಅರ್ಜಿ ಕೊಡಿ. ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ, ಸಭೆಗೆ ಬಾರದ ಸದಸ್ಯೆಯರಿಗೂ ತಿಳಿಸಿ.